ಪಂಚಮ ಮುರಿಯದ ಹಾಗೆ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ಮಳೆಗಾಲದಲ್ಲಿ ಒಂದೇ ಒಂದು ಸ್ವರದ ಹಿಂದೆ ಬಿದ್ದು ನಾನು ಏಳು ವಾರ ಕಳೆದೆ. ಗಿಟಾರಿನ ಒಂದನೇ ತಂತಿ, ಮೂರನೇ ಫ್ರೆಟ್. ವೀಣೆಯವರು ಮೆಟ್ಟಿಲು ಅನ್ನುವುದನ್ನೇ ಗಿಟಾರಿನವರು ಫ್ರೆಟ್ ಅನ್ನುತ್ತಾರೆ. ಅಲ್ಲಿ ಒತ್ತಿ ಮೀಟುವುದು ಚಿಕ್ಕ ಮಕ್ಕಳಿಗೂ ಬರುತ್ತದೆ. ಆದರೆ ನನಗೆ ಆ ಸ್ವರ ನಾಲ್ಕು ಎಣಿಕೆ ನಿಲ್ಲಬೇಕಿತ್ತು. ಎರಡಕ್ಕೇ ತುಂಡಾಗುತ್ತಿತ್ತು.

ನಾನು ಶಿರಸಿ ಕಡೆಯವನು. ನೌಕರಿ ಕಾರವಾರದಲ್ಲಿ. ಕೋಡಿಬಾಗದಲ್ಲಿ ಬಾಡಿಗೆ ಮನೆ, ಕಿಟಕಿ ತೆರೆದರೆ ಕಾಳಿ ನದಿಯ ಗಾಳಿ. ಆಫೀಸಿನಿಂದ ಬಂದು ಚಹಾ ಕುಡಿದು ಗಿಟಾರ್ ಹಿಡಿಯುವುದು ಹತ್ತು ಹನ್ನೆರಡು ವರ್ಷದ ರೂಢಿ. ಕಲಾವಿದನೇನೂ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ಮದುವೆ ಮನೆಗೆ ಕರೆದಾರು.

ಗಿಟಾರ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕೈಯನ್ನು ಮೇಲೆ ಕೆಳಗೆ ಬೀಸುತ್ತ ಹಾಡುವವರು. ಅದು ಸ್ಟ್ರಮ್ಮಿಂಗ್. ನಾನು ನುಡಿಸುವ ಫಿಂಗರ್‌ಸ್ಟೈಲ್ ಬೇರೆ. ಇಲ್ಲಿ ಸಾಮಾನ್ಯವಾಗಿ ಬೆರಳಲ್ಲಿ ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಹಿಡಿಯುವುದಿಲ್ಲ, ಬೆರಳೇ ಎಲ್ಲ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ತಾಳ ಹಿಡಿಯುತ್ತದೆ. ತೋರುಬೆರಳು, ನಡುಬೆರಳು, ಉಂಗುರ ಬೆರಳು ತೆಳು ತಂತಿಗಳ ಮೇಲೆ ಹಾಡು ಹೇಳುತ್ತವೆ. ನಮ್ಮ ಬಡಗುತಿಟ್ಟಿನ ಯಕ್ಷಗಾನದ ಭಾಗವತರು ಕೈಯಲ್ಲಿ ತಾಳ ಕುಟ್ಟುತ್ತ ಬಾಯಲ್ಲಿ ಪದ ಹೇಳುತ್ತಾರಲ್ಲ, ಹಾಗೆ. ಆದರೆ ಭಾಗವತರ ಪಕ್ಕದಲ್ಲಿ ಮದ್ದಳೆ ಇದೆ, ಚಂಡೆ ಇದೆ. ನಮಗೆ ಹಾಡೂ ಹಿಮ್ಮೇಳವೂ ಒಂದೇ ಕೈಯಿಂದ ಹೊರಡಬೇಕು.

ಹೆಬ್ಬೆರಳನ್ನು ಎರಡು ದಪ್ಪ ತಂತಿಗಳ ನಡುವೆ ಅತ್ತ ಇತ್ತ ಓಡಾಡಿಸುವ ಕ್ರಮಕ್ಕೆ ಟ್ರಾವಿಸ್ ಪಿಕಿಂಗ್ ಅನ್ನುತ್ತಾರೆ. ಅಮೆರಿಕದ ಕೆಂಟಕಿಯ ಮರ್ಲ್ ಟ್ರಾವಿಸ್ ಅವರಿಂದ ಬಂದ ಹೆಸರು. ಅವರ ಕಾಲ 1917ರಿಂದ 1983. ಕಲ್ಲಿದ್ದಲು ಗಣಿಗಳ ಊರು ಅದು, ತಂದೆ ಗಣಿ ಕೆಲಸದವರು. ಈ ಕ್ರಮ ಅವರೇ ಹುಟ್ಟುಹಾಕಿದ್ದಲ್ಲ, ಊರಿನ ಹಳಬರನ್ನು ನೋಡಿ ಕಲಿತದ್ದು. ಅವರು ಹೆಚ್ಚಾಗಿ ಹೆಬ್ಬೆರಳು ಮತ್ತು ತೋರುಬೆರಳು, ಎರಡರಲ್ಲೇ ನುಡಿಸಿಬಿಡುತ್ತಿದ್ದರು. ಹೆಬ್ಬೆರಳಿಗೆ ಮಾತ್ರ ಒಂದು ಪಿಕ್ ಸಿಕ್ಕಿಸಿಕೊಳ್ಳುತ್ತಿದ್ದರು. ನಾವು ನಾಲ್ಕು ಬೆರಳು ಇಟ್ಟುಕೊಂಡೂ ಪರದಾಡುತ್ತೇವೆ.

ಬಲಗೈಯ ಕೆಲಸ ನನಗೆ ಅಷ್ಟೇನೂ ಕಾಡಲಿಲ್ಲ. ಕಾರಣ ಯಕ್ಷಗಾನ. ಮದ್ದಳೆ ಕಲಿಯುವವರು ಮೊದಲು ಬಾಯಲ್ಲಿ ಹೇಳಿ ಆಮೇಲೆ ಕೈಯಿಡುವುದನ್ನು ಊರಲ್ಲಿ ನೋಡಿದ್ದೆ. ಅದನ್ನೇ ಇಲ್ಲಿಗೆ ತಂದೆ. ಹೆಬ್ಬೆರಳಿಗೆ ‘ದುಂ’, ತೋರುಬೆರಳಿಗೆ ‘ಟಿ’, ನಡುಬೆರಳಿಗೆ ‘ಣ’. ಸ್ನಾನ ಮಾಡುವಾಗ, ಬಸ್ ಕಾಯುವಾಗ ದುಂಟಿ ದುಂಣ, ದುಂಟಿ ದುಂಣ. ಬಾಯಿಗೆ ಬಂದದ್ದು ಕೈಗೆ ಬರಲು ಎರಡೇ ದಿನ ಸಾಕಾಯಿತು. ಹೆಬ್ಬೆರಳಿಗೆ ಒಂದು ಪರೀಕ್ಷೆಯನ್ನೂ ಇಟ್ಟುಕೊಂಡೆ. ಅದು ಓಡುತ್ತಿರುವಾಗ ಯಾರಾದರೂ ‘ಊಟ ಆಯ್ತಾ?’ ಎಂದು ಕೇಳಿದರೆ, ತಾಳ ತಪ್ಪದೆ ‘ಆಯ್ತು’ ಅನ್ನಲು ಬರಬೇಕು. ಅಲ್ಲಿಯವರೆಗೆ ಮೇಲಿನ ಹಾಡಿಗೆ ಕೈ ಹಾಕಬಾರದು.

ಹಾಡು ಯಾವುದು ಅಂದರೆ, ಆಯಿ ಹೇಳುತ್ತಿದ್ದ ಒಂದು ಜೋಗುಳ. ಅದರ ಎರಡನೇ ಸಾಲಿನ ಕೊನೆಯಲ್ಲಿ ಆಯಿ ಪಂಚಮವನ್ನು, ಅಂದರೆ ಸರಿಗಮಪದ ‘ಪ’ವನ್ನು, ಎಳೆದು ಹಿಡಿಯುತ್ತಾಳೆ. ತೊಟ್ಟಿಲು ಅತ್ತ ಹೋಗಿ ಇತ್ತ ಬರುವಷ್ಟು ಹೊತ್ತು. ಆ ಎಳೆತದ ನಡುವೆಯೇ ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ಹೊಂದಿ ನುಡಿಯುವ ಸ್ವರಗಳ ಗುಂಪು, ಸಿ ಇಂದ ಜಿ ಗೆ ಬದಲಾಗಬೇಕು. ನನ್ನ ಏಳು ವಾರ ಹೋದದ್ದು ಅಲ್ಲಿಯೇ.

ಎಡಗೈಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತೆಳು ತಂತಿ ಒಂದನೆಯದು, ದಪ್ಪ ತಂತಿ ಆರನೆಯದು. ಸಿ ಕಾರ್ಡಿನಲ್ಲಿ ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ. ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ. ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್‌ನಲ್ಲಿ. ಕಿರುಬೆರಳು ಖಾಲಿ. ಅದನ್ನು ಒಂದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಇಟ್ಟರೆ ಪಂಚಮ ಸಿಕ್ಕಿತು.

ಈಗ ಜಿ ಗೆ ಹೋಗಬೇಕು. ನಾನು ಶುರುವಿನಲ್ಲಿ ಸೇರಿದ್ದ ಒಂದು ಕ್ಲಾಸಿನಲ್ಲಿ, ಅದರ ಹೆಸರು ಬೇಡ, ಜಿ ಹಿಡಿಯಲು ಒಂದೇ ದಾರಿ ಹೇಳಿಕೊಟ್ಟಿದ್ದರು. ನಡುಬೆರಳು ಆರನೇ ತಂತಿಗೆ, ತೋರುಬೆರಳು ಐದಕ್ಕೆ, ಉಂಗುರ ಬೆರಳು ಒಂದನೇ ತಂತಿಯ ಮೂರನೇ ಫ್ರೆಟ್‌ಗೆ. ಬೇರೆ ಥರ ಹಿಡಿದರೆ ಬೈಗುಳ. ಹಾಗಾಗಿ ನನ್ನ ಉಂಗುರ ಬೆರಳು ಐದನೇ ತಂತಿಯಿಂದ ಹೊರಟು, ಮಧ್ಯದ ಮೂರು ತಂತಿ ಹಾರಿ, ಒಂದನೆಯದಕ್ಕೆ ಬಂದು ಇಳಿಯಬೇಕು. ಅಲ್ಲಿ ಆಗಲೇ ಕಿರುಬೆರಳು ಕೂತಿದೆ. ಅದು ಏಳಬೇಕು, ಇದು ಕೂರಬೇಕು. ಒಂದೇ ಜಾಗ, ಒಂದೇ ಸ್ವರ, ಬೆರಳು ಮಾತ್ರ ಬದಲು. ಆ ಗಡಿಬಿಡಿಯಲ್ಲಿ ಪಂಚಮ ಪಟ್ಟಂತ ನಿಂತು ಮತ್ತೆ ಶುರುವಾಗುತ್ತಿತ್ತು.

ನನಗೆ ಇದು ತಪ್ಪು ಅಂತಲೇ ಅನ್ನಿಸಿರಲಿಲ್ಲ. ವೇಗ ಬಂದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಒಂದು ಶನಿವಾರ ಊರಿಗೆ ಹೋದಾಗ ಆಯಿಗೆ ಕೇಳಿಸಿದೆ. ಅವಳು ಅಡಿಕೆ ಸುಲಿಯುತ್ತಿದ್ದಳು. ಕಣ್ಣು ನನ್ನ ಮೇಲೆ, ಕೈ ಮೆಟ್ಟುಗತ್ತಿಯ ಮೇಲೆ. ಎರಡನೇ ಸಾಲು ಮುಗಿಯುತ್ತಿದ್ದ ಹಾಗೇ ಅಂದಳು: ‘ಅಲ್ಲಿ ಮಗು ಎದ್ದುಬಿಡ್ತಲೋ ತಮಾ.’

ಸಂಗೀತದ ಬಗ್ಗೆ ಅಷ್ಟು ಸರಿಯಾದ ವಿಮರ್ಶೆ ನನಗೆ ಇನ್ನೂ ಯಾರೂ ಹೇಳಿಲ್ಲ.

ಕಾರವಾರಕ್ಕೆ ವಾಪಸ್ ಬಂದು ನಾನು ಮಾಡಿದ ಮೊದಲ ಕೆಲಸ, ಅದನ್ನೇ ಇನ್ನೂ ಜೋರಾಗಿ ಅಭ್ಯಾಸ ಮಾಡಿದ್ದು. ಎರಡು ತಾಸು, ಮೂರು ತಾಸು. ನಾಲ್ಕನೇ ದಿನ ಹೆಬ್ಬೆರಳಿನ ಬುಡ ನೋಯಲು ಶುರುವಾಯಿತು, ಆಫೀಸಿನಲ್ಲಿ ಪೆನ್ನು ಹಿಡಿಯುವುದೂ ಕಷ್ಟವಾಯಿತು. ಇದು ಶುದ್ಧ ದಡ್ಡತನ. ನೋವು ಬಂದರೆ ಗಿಟಾರ್ ಕೆಳಗಿಡಬೇಕು, ಇದರಲ್ಲಿ ಶೂರತನ ಏನೂ ಇಲ್ಲ.

ಮಾಜಾಳಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಎಷ್ಟೋ ವರ್ಷ ಇಗರ್ಜಿಯಲ್ಲಿ ಗಿಟಾರ್ ನುಡಿಸಿದವರು. ಎಲ್ಲರಿಗೂ ಅವರು ಮಾಮ. ಕೈನೋವು ಇಳಿದ ಮೇಲೆ ಅವರ ಹತ್ತಿರ ಹೋದೆ. ನುಡಿಸು ಅಂದರು. ನುಡಿಸಿದೆ. ಪಂಚಮ ಮುರಿಯಿತು.

‘ಜಿ ಯಾಕೆ ಹಾಗೆ ಹಿಡಿದೆ?’

‘ಪುಸ್ತಕದಲ್ಲಿ ಹಾಗೇ ಇದೆ, ಮಾಮ.’

‘ಪುಸ್ತಕಕ್ಕೆ ಗೊತ್ತುಂಟಾ, ನೀ ಎಲ್ಲಿಂದ ಬಂದೆ ಅಂತ?’

ಆಮೇಲೆ ತಾವೇ ಹಿಡಿದು ತೋರಿಸಿದರು. ಕಿರುಬೆರಳು ಎಲ್ಲಿತ್ತೋ ಅಲ್ಲೇ. ಉಂಗುರ ಬೆರಳು ಐದನೇ ತಂತಿಯಿಂದ ಪಕ್ಕದ ಆರನೆಯದಕ್ಕೆ, ಫ್ರೆಟ್ ಅದೇ. ನಡುಬೆರಳು ನಾಲ್ಕನೇ ತಂತಿಯಿಂದ ಪಕ್ಕದ ಐದಕ್ಕೆ, ಫ್ರೆಟ್ ಅದೇ. ತೋರುಬೆರಳು ಎದ್ದಿತು. ಅಷ್ಟೇ. ಎರಡು ಬೆರಳು ಜೋಡಿಯಾಗಿ ಒಂದೊಂದು ತಂತಿ ಸರಿದವು. ಪಂಚಮ ಮೇಲೆ ಹಾಯಾಗಿ ನಿಂತಿತ್ತು. ಅದೇ ಜಿ. ನಾನು ಹತ್ತು ವರ್ಷ ಹಿಡಿದದ್ದೂ ಜಿ, ಇದೂ ಜಿ.

ಕಾರ್ಡುಗಳನ್ನು ನಾವು ಒಂದೊಂದಾಗಿ ಕಲಿಯುತ್ತೇವೆ. ಪುಸ್ತಕದಲ್ಲಿ ಒಂದೊಂದಕ್ಕೆ ಒಂದೊಂದು ಚಿತ್ರ. ಆದರೆ ಹಾಡಿನಲ್ಲಿ ಕಾರ್ಡ್ ಒಂಟಿಯಾಗಿ ಬರುವುದೇ ಇಲ್ಲ. ಹಿಂದೊಂದು, ಮುಂದೊಂದು ಇದ್ದೇ ಇರುತ್ತದೆ. ಯಾವ ಬೆರಳು ಎಲ್ಲಿ ಅನ್ನುವುದನ್ನು ಆ ಎರಡನ್ನು ನೋಡಿ ಗೊತ್ತು ಮಾಡಬೇಕು. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವಾಗ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ನೋಡಿ. ತಿರುವಿನೊಳಗೆ ಹೋದ ಮೇಲೆ ಅವರು ಗೇರ್ ಹುಡುಕುವುದಿಲ್ಲ. ತಿರುವು ಬರುವ ಮೊದಲೇ ಹಾಕಿಕೊಂಡಿರುತ್ತಾರೆ.

ಈಗ ನನ್ನದೊಂದು ಕ್ರಮ ಇದೆ. ಹೊಸ ಹಾಡು ಹಿಡಿದಾಗ ತೊಡಕಿನ ಜಾಗದಲ್ಲಿ ಮೊದಲು ಕೇಳಿಕೊಳ್ಳುವುದು, ಯಾವ ಬೆರಳು ಏಳದೇ ಇರಬಹುದು? ಹಾಗೆ ಒಂದು ಬೆರಳು ಸಿಕ್ಕಿದರೆ ಉಳಿದವು ಅದರ ಸುತ್ತ ತಾವೇ ಜಾಗ ಮಾಡಿಕೊಳ್ಳುತ್ತವೆ. ಯಾವುದೂ ಸಿಗದಿದ್ದರೆ, ಒಂದೇ ತಂತಿಯ ಮೇಲೆ ಜಾರಿಕೊಂಡು ಹೋಗಬಲ್ಲ ಬೆರಳು ಇದೆಯಾ ನೋಡುತ್ತೇನೆ. ಕತ್ತಲೆಯಲ್ಲಿ ಗೋಡೆ ಹಿಡಿದುಕೊಂಡು ಹೋಗುತ್ತೇವಲ್ಲ, ಹಾಗೆ.

ಮಾಮ ತೋರಿಸಿದ ದಿನವೇ ನನಗೆ ಬಂದುಬಿಟ್ಟಿತು ಅಂದುಕೊಳ್ಳಬೇಡಿ. ಇನ್ನೊಂದು ತೊಂದರೆ ಎದ್ದಿತು. ಉಂಗುರ ಬೆರಳು ಎತ್ತಿದಾಗೆಲ್ಲ ಕಿರುಬೆರಳೂ ಕೂದಲೆಳೆಯಷ್ಟು ಏಳುತ್ತಿತ್ತು. ಪಂಚಮ ಮುರಿಯಲಿಲ್ಲ, ಆದರೆ ಜೀರುಂಡೆಯ ಹಾಗೆ ಜಿರ್ ಅನ್ನುತ್ತಿತ್ತು.

ಇದು ಯಾಕೆ ಅಂತ ನೀವೇ ನೋಡಬಹುದು. ಕೂತಲ್ಲೇ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಡಿ. ನಡುಬೆರಳನ್ನು ಒಳಗೆ ಮಡಚಿ. ಈಗ ಹೆಬ್ಬೆರಳು ಎತ್ತಿ, ಏಳುತ್ತದೆ. ತೋರುಬೆರಳು, ಕಿರುಬೆರಳು, ಅವೂ ಏಳುತ್ತವೆ. ಉಂಗುರ ಬೆರಳು ಎತ್ತಿ. ಏಳುವುದಿಲ್ಲ, ಅಲ್ವಾ? ಅಂಗೈಯ ಹಿಂಭಾಗದಲ್ಲಿ ಬೆರಳುಗಳನ್ನು ಎತ್ತುವ ಸ್ನಾಯುರಜ್ಜುಗಳ ನಡುವೆ ಅಡ್ಡಪಟ್ಟಿಗಳಿವೆ. ಅವು ಉಂಗುರ ಬೆರಳಿನ ರಜ್ಜುವನ್ನು ಅಕ್ಕಪಕ್ಕದವಕ್ಕೆ ಕಟ್ಟಿ ಹಾಕಿವೆ. ಅದು ಒಂಟಿಯಾಗಿ ಏಳಲಾರದು, ಎದ್ದರೆ ಪಕ್ಕದವರನ್ನೂ ಎಬ್ಬಿಸುತ್ತದೆ. ಜಂಟಿ ಕುಟುಂಬದಲ್ಲಿ ಬೆಳಗಿನ ಜಾವ ಬಸ್ಸಿಗೆ ಹೊರಡುವವರ ಕಥೆ.

ಆದ್ದರಿಂದ ಕೈ ಸರಿ ಇಲ್ಲ ಅಂತ ಬೇಸರ ಮಾಡಿಕೊಳ್ಳುವುದು ಬೇಡ. ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರಿಗೆ 1928ರ ಬೆಂಕಿ ಅವಘಡದಲ್ಲಿ ಎಡಗೈಯ ಉಂಗುರ ಬೆರಳು, ಕಿರುಬೆರಳು ಹೆಚ್ಚುಕಡಿಮೆ ನಿಷ್ಕ್ರಿಯವಾದವು. ಉಳಿದ ಎರಡು ಬೆರಳಿಗೆ ಒಪ್ಪುವ ಹಾಗೆ ತಮ್ಮ ಹಿಡಿತವನ್ನೇ ಹೊಸದಾಗಿ ಕಟ್ಟಿಕೊಂಡು ಅವರು ಯುರೋಪಿನ ಜಾಜ್‌ನಲ್ಲಿ ದೊಡ್ಡ ಹೆಸರಾದರು.

ನನ್ನ ಜಿರ್ ಶಬ್ದಕ್ಕೆ ಉಪಾಯ ಸಿಕ್ಕಿದ್ದು ಹೀಗೆ. ಉಂಗುರ ಬೆರಳನ್ನು ಎತ್ತುವುದನ್ನೇ ಬಿಟ್ಟೆ. ಒತ್ತುವುದನ್ನು ಮಾತ್ರ ನಿಲ್ಲಿಸಿದೆ. ಒತ್ತಡ ಬಿಟ್ಟರೆ ತಂತಿಯೇ ಬೆರಳನ್ನು ಮೇಲೆ ತಳ್ಳುತ್ತದೆ. ಅಲ್ಲಿಂದ ಕಾಗದದಷ್ಟು ಎತ್ತರದಲ್ಲಿ ಪಕ್ಕಕ್ಕೆ ಸರಿದರೆ ಸಾಕು. ಕಿರುಬೆರಳಿಗೆ ಸುದ್ದಿಯೇ ಹೋಗುವುದಿಲ್ಲ.

ಮೊದಲ ವಾರ ಕ್ಯಾಪೊ ಹಾಕಿ ಅಭ್ಯಾಸ ಮಾಡಿದೆ. ಕ್ಯಾಪೊ ಅಂದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಲು ಗಿಟಾರಿನ ಕುತ್ತಿಗೆಗೆ ಹಾಕುವ ಕ್ಲಿಪ್ಪು. ಹೆಚ್ಚಿನ ಗಿಟಾರುಗಳಲ್ಲಿ ತಂತಿಯ ನುಡಿಯುವ ಉದ್ದ ಸುಮಾರು 65 ಸೆಂಟಿಮೀಟರ್. ಅದರಲ್ಲಿ ಮೊದಲ ಮೂರು ಫ್ರೆಟ್ ಸೇರಿ 10 ಸೆಂಟಿಮೀಟರಿಗೆ ಚೂರು ಜಾಸ್ತಿ. ಐದನೇ ಫ್ರೆಟ್‌ಗೆ ಕ್ಯಾಪೊ ಹಾಕಿದರೆ ಅಲ್ಲಿಂದ ಮುಂದಿನ ಮೂರು ಫ್ರೆಟ್ ಸೇರಿ 8 ಸೆಂಟಿಮೀಟರ್ ಕೂಡ ಆಗುವುದಿಲ್ಲ. ಬೆರಳಿಗೆ ಎಳೆತ ಕಡಿಮೆ. ಕೈ ಪಳಗಿದ ಹಾಗೆ ಕ್ಯಾಪೊವನ್ನು ಒಂದೊಂದೇ ಫ್ರೆಟ್ ಹಿಂದೆ ತಂದೆ.

ಲೆಕ್ಕಕ್ಕೆ ಅಡಿಕೆ. ಊರಿಂದ ತಂದ ಐದು ಗೋಟಡಿಕೆ, ಎರಡು ಬಟ್ಟಲು. ಇಡೀ ಹಾಡು ನುಡಿಸುವುದಿಲ್ಲ, ಸಿ ಇಂದ ಜಿ ಗೆ ಆ ಒಂದು ದಾಟು ಮಾತ್ರ. ಸ್ವಚ್ಛವಾಗಿ ಬಂದರೆ ಒಂದು ಅಡಿಕೆ ಈ ಬಟ್ಟಲಿನಿಂದ ಆ ಬಟ್ಟಲಿಗೆ. ತಪ್ಪಿದರೆ ಎಲ್ಲವೂ ವಾಪಸ್. ನಾಲ್ಕು ಅಡಿಕೆ ದಾಟಿದ ಮೇಲೆ ಕೈ ನಡುಗುತ್ತದೆ ನೋಡಿ, ಕ್ರಿಕೆಟ್‌ನಲ್ಲಿ ತೊಂಬತ್ತು ದಾಟಿದವರ ಹಾಗೆ. ಐದೂ ದಾಟಿದರೆ ಆ ದಿನಕ್ಕೆ ಮುಗಿಯಿತು, ಗಿಟಾರ್ ಕೆಳಗೆ. ಮೊದಮೊದಲು ಟಕ್ ಟಕ್ ಎಂದು ಲಯ ಹೇಳುವ ಮೆಟ್ರೊನೋಮ್ ನಿಮಿಷಕ್ಕೆ 44ರಲ್ಲಿ. ಅದಕ್ಕೂ ಅವಸರ ಮಾಡುತ್ತಿದ್ದೆ. ಮಾಮ ಪಕ್ಕದಲ್ಲಿ ಕೂತು ‘ಸಾವಕಾಶ ರೇ, ಸಾವಕಾಶ’ ಅನ್ನುತ್ತಿದ್ದರು. ಹಳೇ ಜಿ ಹತ್ತು ವರ್ಷದ್ದು, ಹೊಸದು ಹತ್ತು ದಿನದ್ದು. ಅವಸರ ಮಾಡಿದ ಕೂಡಲೇ ಕೈ ಹಳೇದಕ್ಕೇ ಓಡುತ್ತಿತ್ತು.

ಕರಾವಳಿಯವರಿಗೆ ಇನ್ನೊಂದು ಮಾತು. ಜುಲೈ ತಿಂಗಳಲ್ಲಿ ಬೆರಳು ನೋವು ಜಾಸ್ತಿ ಆದರೆ ಬೆರಳನ್ನೇ ಬೈಯಬೇಡಿ. ತೇವಕ್ಕೆ ಗಿಟಾರಿನ ಮರ ಉಬ್ಬಿ, ತಂತಿಗಳು ಫ್ರೆಟ್‌ನಿಂದ ಮೇಲೆದ್ದಿರುತ್ತವೆ. ಒತ್ತಲು ಬಲ ಜಾಸ್ತಿ ಬೇಕು. ನಾನು ಮಳೆಗಾಲದಲ್ಲಿ 12ರ ಸೆಟ್ ತೆಗೆದು 11ರದ್ದು ಹಾಕುತ್ತೇನೆ. ಒಂದನೇ ತಂತಿಯ ದಪ್ಪ ಅದು, ಇಂಚಿನ ಸಾವಿರದ ಭಾಗದಲ್ಲಿ. ಅಷ್ಟೇ ಅಷ್ಟು ವ್ಯತ್ಯಾಸ, ಆದರೆ ಬೆರಳ ತುದಿಗೆ ಗೊತ್ತಾಗುತ್ತದೆ. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ.

ಅಂತೂ ಚೌತಿಗೆ ಊರಿಗೆ ಹೋದಾಗ ಆಯಿಗೆ ಮತ್ತೆ ಕೇಳಿಸಿದೆ. ಈ ಸಲ ಅವಳು ಚಕ್ಕುಲಿ ಒತ್ತುತ್ತಿದ್ದಳು. ಮೊದಲ ಸಾಲು ಆಯಿತು. ಎರಡನೆಯದರ ಕೊನೆ ಬಂತು. ಉಂಗುರ ಬೆರಳು, ನಡುಬೆರಳು ಸದ್ದಿಲ್ಲದೆ ಸರಿದವು, ಪಂಚಮ ನಾಲ್ಕೂ ಎಣಿಕೆ ನಿಂತಿತು. ಕೈ ನಿಲ್ಲಿಸಿ ಅವಳ ಮುಖ ನೋಡಿದೆ.

‘ಮೂರನೇ ಸಾಲು ಎಲ್ಲಿ ಹೋತು?’ ಅಂದಳು.

ಮೂರನೇ ಸಾಲಿನಲ್ಲಿ ಎಫ್ ಇದೆ. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಅಡಿಕೆ ಇನ್ನೂ ಮೂರಕ್ಕೇ ನಿಂತಿದೆ.

ನಮಸ್ಕಾರ.