ಗ್ಯಾಮಾ ಸ್ಫೋಟದ ಮರೆಯಲ್ಲಿ ಸೂಪರ್‌ನೋವಾ

ಕೇಳುಗರಿಗೆ ನಮಸ್ಕಾರ.

1998ರ ಏಪ್ರಿಲ್ 25ರಂದು ಬೆಪ್ಪೋಸ್ಯಾಕ್ಸ್ ಎಂಬ ಉಪಗ್ರಹಕ್ಕೆ ಗ್ಯಾಮಾ ಕಿರಣಗಳ ಸಾಧಾರಣ ಸ್ಫೋಟವೊಂದು ಸಿಕ್ಕಿತು. ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿದೂ ಹೋಯಿತು. ಅದು ಬಂದ ದಿಕ್ಕಿಗೆ ಚಿಲಿ ದೇಶದ ಲಾ ಸಿಲ್ಲಾದಲ್ಲಿನ ದೂರದರ್ಶಕವನ್ನು ತಿರುಗಿಸಿದರೆ, ಸುಮಾರು 12 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಹೊಸ ಸೂಪರ್‌ನೋವಾ, ಎಂದರೆ ಸಾಯುವ ನಕ್ಷತ್ರದ ಸ್ಫೋಟ, ಕಾಣಿಸಿತು. ಅದಕ್ಕೆ 1998ಬಿಡಬ್ಲ್ಯು ಎಂದು ಹೆಸರಾಯಿತು.

ರಷ್ಯದ ಅಣುಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೆಲಾ ಉಪಗ್ರಹಗಳು ಇಂಥ ಗ್ಯಾಮಾ ಸ್ಫೋಟವನ್ನು ಮೊದಲು ದಾಖಲಿಸಿದ್ದು 1967ರಲ್ಲಿ. ಮೂರು ದಶಕ ಕಳೆದರೂ ಇವಕ್ಕೆ ಕಾರಣವೇನು ಎಂಬುದೇ ಬಗೆಹರಿದಿರಲಿಲ್ಲ. ಹಾಗಿರುವಾಗ ಸೂಪರ್‌ನೋವಾ ಕೈಗೆ ಸಿಕ್ಕಿತು ಎಂದರೆ ಎಲ್ಲರೂ ಕುಣಿಯಬೇಕಿತ್ತು. ಕುಣಿಯಲಿಲ್ಲ. ದೂರದ ಸ್ಫೋಟಗಳ ಮುಂದೆ ಇದು ಸಾವಿರಾರು ಪಟ್ಟು ದುರ್ಬಲ. ಆಕಾಶದ ಅದೇ ಮೂಲೆಯಲ್ಲಿ ಎರಡು ಘಟನೆಗಳು ಆಕಸ್ಮಿಕವಾಗಿ ಸೇರಿರಲೂಬಹುದು. ಸಂಶಯಪಟ್ಟವರದು ಮೊಂಡುತನವಲ್ಲ, ನ್ಯಾಯವಾದ ಸಂಶಯವೇ. ಆಗ ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ರೇಡಿಯೊ ದೂರದರ್ಶಕಗಳಿಂದ ಅದನ್ನು ಗಮನಿಸಿ, ಸ್ಫೋಟದ ಒಂದಿಷ್ಟು ಭಾಗ ಬೆಳಕಿನ ವೇಗಕ್ಕೆ ಹತ್ತಿರವಾಗಿ ಚಿಮ್ಮುತ್ತಿದೆ ಎಂದು ತೋರಿಸಿದರು. ಮಾಮೂಲಿ ಸೂಪರ್‌ನೋವಾಗಳಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

ಇಂಥ ಸೂಪರ್‌ನೋವಾಗಳನ್ನು ನೋಡುವುದರಲ್ಲಿ ಒಂದು ಪೇಚಿದೆ. ಗ್ಯಾಮಾ ಕಿರಣಗಳು ನಿಂತ ಮೇಲೂ ಅಲ್ಲಿ ಉಳಿಬೆಳಕು ಉರಿಯುತ್ತಿರುತ್ತದೆ. ಪೆಟ್ರೋಮ್ಯಾಕ್ಸ್ ಪಕ್ಕ ಇಟ್ಟ ಹಣತೆಯಂತೆ, ಸೂಪರ್‌ನೋವಾ ಅದರ ಎದುರು ಕಾಣುವುದೇ ಇಲ್ಲ. ಆದರೆ ಉಳಿಬೆಳಕು ದಿನದಿನಕ್ಕೆ ಕುಗ್ಗುತ್ತದೆ, ಸೂಪರ್‌ನೋವಾ ಏರುತ್ತದೆ. ಅದರ ಒಡಲಲ್ಲಿ ಹುಟ್ಟಿದ ನಿಕಲ್-56 ಆರು ದಿನಗಳಲ್ಲಿ ಅರ್ಧಕ್ಕಿಳಿದು ಕೋಬಾಲ್ಟ್ ಆಗುತ್ತದೆ, ಕೋಬಾಲ್ಟ್ ಮತ್ತಷ್ಟು ನಿಧಾನವಾಗಿ ಕಬ್ಬಿಣವಾಗುತ್ತದೆ. ಆ ವಿಘಟನೆಯ ಶಾಖವೇ ಬೆಳಕು. ಎರಡು ವಾರದ ಹೊತ್ತಿಗೆ, ಬೆಳಕಿನ ನಕ್ಷೆಯ ಇಳಿಯುತ್ತಿದ್ದ ಗೆರೆಯಲ್ಲಿ ಒಂದು ಉಬ್ಬು ಮೂಡುತ್ತದೆ, ಅದೂ ಕೆಂಪು ಬಣ್ಣದಲ್ಲಿ ಹೆಚ್ಚು. ಗೆಲಾಕ್ಸಿಯ ಸ್ವಂತ ಬೆಳಕನ್ನು ಕಳೆಯಲು, ಎಲ್ಲ ಆರಿದ ಮೇಲೆ ತಿಂಗಳುಗಟ್ಟಲೆ ಬಿಟ್ಟು ಅದೇ ಜಾಗದ ಚಿತ್ರವನ್ನು ಮತ್ತೆ ತೆಗೆಯಬೇಕು. ಸುದ್ದಿಯಾಗುವುದು ಮೊದಲ ರಾತ್ರಿ, ಕೆಲಸವಿರುವುದು ಆಮೇಲೆ.

ಸಂಶಯ ತೀರಿದ್ದು 2003ರ ಮಾರ್ಚ್ 29ರ ಸ್ಫೋಟದಿಂದ. ಸಿಂಹ ರಾಶಿಯಲ್ಲಿ, ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಉಳಿಬೆಳಕು ಎಷ್ಟು ಪ್ರಖರವಾಗಿತ್ತೆಂದರೆ ಹವ್ಯಾಸಿಗಳ ಸಣ್ಣ ದೂರದರ್ಶಕಗಳಿಗೂ ಸಿಕ್ಕಿತು. ಅರಿಝೋನಾದಲ್ಲೂ ಚಿಲಿಯಲ್ಲೂ ಬಿಡದೆ ರೋಹಿತ, ಎಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿ, ತೆಗೆಯುತ್ತಿದ್ದರು. ಆರಂಭದಲ್ಲಿ ನುಣ್ಣನೆಯ ರೋಹಿತ, ಹೇಳಿಕೊಳ್ಳುವಂಥದ್ದೇನೂ ಇಲ್ಲ. ವಾರ ದಾಟಿದ ಮೇಲೆ ಅದರಲ್ಲಿ ಅಗಲವಾದ ಏರಿಳಿತಗಳು ಎದ್ದವು. ಪಕ್ಕದಲ್ಲಿ 1998ಬಿಡಬ್ಲ್ಯುವಿನ ರೋಹಿತ ಇಟ್ಟರೆ ಅಣ್ಣತಮ್ಮಂದಿರು! ಹೈಡ್ರೋಜನ್ನಿನ ಗುರುತಿಲ್ಲ, ಎಂದರೆ ಹೊರಪದರವನ್ನು ಮೊದಲೇ ಕಳೆದುಕೊಂಡ ಭಾರಿ ನಕ್ಷತ್ರ. ಸೆಕೆಂಡಿಗೆ ಸುಮಾರು 30,000 ಕಿಲೋಮೀಟರ್ ವೇಗದ ದ್ರವ್ಯ.

ಹಾಗೆಂದು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಇರುವ ಪ್ರತಿ ದೀರ್ಘ ಗ್ಯಾಮಾ ಸ್ಫೋಟದ ಹಿಂದೆಯೂ ಸೂಪರ್‌ನೋವಾ ಇದ್ದೇ ಇರುತ್ತದೆ ಎನ್ನುವಂತಿಲ್ಲ. 2006ರ ಜೂನ್ 14ರ ಸ್ಫೋಟದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. 2021ರ ಡಿಸೆಂಬರ್ 11ರದ್ದರಲ್ಲಿ ಕಂಡಿದ್ದು ಬೇರೆಯೇ, ಸತ್ತ ನಕ್ಷತ್ರಗಳ ದಟ್ಟ ತಿರುಳಾದ ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಹೊಮ್ಮುವ ಕಿಲೋನೋವಾದ ಲಕ್ಷಣ. ಇನ್ನು 2022ರ ಅಕ್ಟೋಬರ್ 9ರದ್ದು ಈವರೆಗೆ ದಾಖಲಾದವುಗಳಲ್ಲೇ ಅತ್ಯಂತ ಪ್ರಖರ. ಅಷ್ಟು ಆರ್ಭಟದ ಹಿಂದೆ ದೈತ್ಯ ಸೂಪರ್‌ನೋವಾ ಇರಬೇಕೆಂದುಕೊಂಡರು. ಸುಮಾರು ಆರು ತಿಂಗಳ ಬಳಿಕ ಜೇಮ್ಸ್ ವೆಬ್ ದೂರದರ್ಶಕ ನೋಡಿದಾಗ ಸೂಪರ್‌ನೋವಾ ಇತ್ತು, ಆದರೆ ತೀರ ಸಾಮಾನ್ಯದ್ದು. ಗ್ಯಾಮಾ ಕಿರಣಗಳ ಅಬ್ಬರಕ್ಕೂ ನಕ್ಷತ್ರದ ಸ್ಫೋಟಕ್ಕೂ ನೇರ ಲೆಕ್ಕ ಹೊಂದುತ್ತಿಲ್ಲ. ಗ್ಯಾಮಾ ಕಿರಣಗಳನ್ನು ಹೊಮ್ಮಿಸುವ ಸಪೂರವಾದ ಚಿಮ್ಮುಧಾರೆ ನಮ್ಮ ಕಡೆಗೇ ಮುಖ ಮಾಡಿದ್ದರೆ ಸ್ಫೋಟ ಪ್ರಖರವಾಗಿ ಕಾಣುವುದು ಸಹಜ. ಸೂಪರ್‌ನೋವಾದ ಬೆಳಕಾದರೋ ಎಲ್ಲ ದಿಕ್ಕಿಗೂ ಹರಡುವಂಥದ್ದು.

ಚಿಲಿಯಲ್ಲಿ ಬೆಳಗಾದ ಕೆಲವು ಗಂಟೆಗಳಲ್ಲಿ ಲಡಾಖಿನಲ್ಲಿ ಕತ್ತಲಾಗುತ್ತದೆ. ಅಲ್ಲಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಬೆಂಗಳೂರು ಪಕ್ಕದ ಹೊಸಕೋಟೆಯಿಂದಲೇ ನಡೆಸುತ್ತಾರೆ. ಕುಗ್ಗುವ ಉಳಿಬೆಳಕಿನ ಗೆರೆಯಲ್ಲಿ ಒಂದು ರಾತ್ರಿಯೂ ತಪ್ಪಬಾರದೆಂದರೆ, ಚಿಲಿಯವರ ಹಗಲನ್ನು ತುಂಬಲು ಇಂಥ ತಾಣಗಳೇ ಬೇಕು.

ನಮಸ್ಕಾರ.