ಪಟ್ಟಿಯಲ್ಲಿ ಎಷ್ಟನೆಯದು?

ಕೇಳುಗರಿಗೆ ನಮಸ್ಕಾರ.

ಪ್ರೋಗ್ರಾಮಿಂಗ್ ಕಲಿಯುವವರಿಗೆ ಬಹಳ ಬೇಗ ಎದುರಾಗುವ ಕೆಲಸ ಒಂದಿದೆ. ಕೈಯಲ್ಲಿ ಒಂದು ಪಟ್ಟಿ ಇದೆ, ಅದರಲ್ಲಿ ಬೇಕಾದ ವಸ್ತು ಎಷ್ಟನೆಯ ಜಾಗದಲ್ಲಿದೆ ಎಂದು ಪತ್ತೆ ಹಚ್ಚಬೇಕು. ಹೆಚ್ಚಿನ ಭಾಷೆಗಳಲ್ಲಿ ಇದಕ್ಕೆ ಸಿದ್ಧ ಸೌಲಭ್ಯವಿದೆ, ಒಂದೇ ಸಾಲು ಸಾಕು. ಆದರೆ ಆ ವಸ್ತು ಪಟ್ಟಿಯಲ್ಲಿ ಇಲ್ಲದೇ ಹೋದರೆ ಏನಾಗುತ್ತದೆ ಎಂಬುದನ್ನು ಯೋಚಿಸದೆ ಬರೆದ ಸಾಲು ಅರ್ಧ ಸಾಲು.

ಒಂದು ಸಣ್ಣ ಪಟ್ಟಿ ಇಟ್ಟುಕೊಳ್ಳೋಣ: ಕೆಂಪು, ಹಸಿರು, ನೀಲಿ, ಮತ್ತೆ ಹಸಿರು. ಪೈಥಾನ್‌ನಲ್ಲಿ ಪಟ್ಟಿಯ ಹೆಸರು, ಚುಕ್ಕಿ, ಇಂಡೆಕ್ಸ್, ಆಮೇಲೆ ಆವರಣದೊಳಗೆ ‘ಹಸಿರು’ ಎಂದು ಬರೆದರೆ 1 ಎಂಬ ಉತ್ತರ ಬರುತ್ತದೆ. ಎರಡನೆಯ ಜಾಗಕ್ಕೆ 1 ಏಕೆಂದರೆ ಎಣಿಕೆ ಸೊನ್ನೆಯಿಂದ ಶುರು. ಜಾವಾ, ಜಾವಾಸ್ಕ್ರಿಪ್ಟ್ ಕೂಡ ಹೀಗೆಯೇ. ಲೂವಾ, ಆರ್, ಜೂಲಿಯಾದಂಥ ಕೆಲವು ಭಾಷೆಗಳು ಒಂದರಿಂದ ಎಣಿಸುತ್ತವೆ. ಬಳಕೆದಾರರಿಗೆ ತೋರಿಸುವ ಕೊನೆಯ ಹಂತದಲ್ಲಷ್ಟೇ ಒಂದನ್ನು ಕೂಡಿಸಿ. ಲೆಕ್ಕದ ನಡುವೆ ಕೂಡಿಸಿದರೆ ಎಲ್ಲಿ ಕೂಡಿಸಿದ್ದೇವೆ, ಎಲ್ಲಿ ಇಲ್ಲ ಎಂಬುದೇ ಗೊಂದಲವಾಗುತ್ತದೆ.

ಎರಡನೆಯ ಹಸಿರು ಬೇಕೆಂದರೆ? ಇಂಡೆಕ್ಸ್ ಯಾವಾಗಲೂ ಮೊದಲು ಸಿಕ್ಕಿದ್ದನ್ನೇ ಹೇಳುತ್ತದೆ. ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂದು ಇನ್ನೊಂದು ಸಂಖ್ಯೆ ಕೊಡಬಹುದು. ಇಲ್ಲಿ 2 ಕೊಟ್ಟರೆ 3 ಎಂಬ ಉತ್ತರ ಬರುತ್ತದೆ.

ಈಗ ಪಟ್ಟಿಯಲ್ಲಿ ಇಲ್ಲದ ‘ಹಳದಿ’ಯನ್ನು ಕೇಳೋಣ. ಪೈಥಾನ್ ವ್ಯಾಲ್ಯೂ ಎರರ್ ಎಸೆದು ನಿಂತುಬಿಡುತ್ತದೆ. ಜಾವಾ ಮತ್ತು ಜಾವಾಸ್ಕ್ರಿಪ್ಟ್‌ನ ಇಂಡೆಕ್ಸ್ ಆಫ್ ಮೈನಸ್ ಒಂದನ್ನು ಕೊಟ್ಟು ಸುಮ್ಮನಾಗುತ್ತದೆ. ನನ್ನ ಮಟ್ಟಿಗೆ ಪೈಥಾನ್ ರೀತಿಯೇ ಒಳ್ಳೆಯದು, ಏಕೆಂದರೆ ಮೈನಸ್ ಒಂದು ನೋಡಲು ಮಾಮೂಲಿ ಸಂಖ್ಯೆಯ ಹಾಗೇ ಇದ್ದು ಮುಂದಿನ ಸಾಲಿಗೆ ನುಸುಳುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇಂಡೆಕ್ಸ್ ಆಫ್‌ನಿಂದ ಜಾಗ ಹುಡುಕಿ, ಅದನ್ನು ನೇರವಾಗಿ ಸ್ಪ್ಲೈಸ್‌ಗೆ ಕೊಟ್ಟು ಒಂದು ವಸ್ತು ಅಳಿಸುವುದು ರೂಢಿ. ಹಳದಿ ಇಲ್ಲದಿದ್ದರೆ ಸ್ಪ್ಲೈಸ್‌ಗೆ ಮೈನಸ್ ಒಂದು ಹೋಗುತ್ತದೆ. ಸ್ಪ್ಲೈಸ್‌ನ ಲೆಕ್ಕದಲ್ಲಿ ಅದರ ಅರ್ಥ ‘ಕೊನೆಯಿಂದ ಮೊದಲನೆಯದು’. ಪರಿಣಾಮವಾಗಿ ಕೊನೆಯಲ್ಲಿದ್ದ ಹಸಿರು ಅಳಿಸಿಹೋಗುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ‘ಇಫ್’ ಒಳಗೆ ಬರಿಯ ಇಂಡೆಕ್ಸ್ ಆಫ್ ಬರೆಯುವುದೂ ಇಷ್ಟೇ ಅಪಾಯ: ಮೊದಲ ಜಾಗದಲ್ಲಿ ಸಿಕ್ಕರೆ ಬರುವ ಸೊನ್ನೆ ಸುಳ್ಳೆಂದಾಗುತ್ತದೆ, ಸಿಗದಿದ್ದಾಗ ಬರುವ ಮೈನಸ್ ಒಂದು ನಿಜವೆಂದಾಗುತ್ತದೆ. ಆದ್ದರಿಂದ ಉತ್ತರವನ್ನು ಮೊದಲು ಒಂದು ಹೆಸರಿನಲ್ಲಿ ಇಟ್ಟುಕೊಳ್ಳಿ, ಮೈನಸ್ ಒಂದೇ ಎಂದು ನೋಡಿ, ಆಮೇಲೆ ಬಳಸಿ. ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಿದ್ದರೆ ಜಾಗ ಕೇಳಲೇ ಬೇಡಿ. ಪೈಥಾನ್‌ನಲ್ಲಿ ‘ಇನ್’, ಜಾವಾಸ್ಕ್ರಿಪ್ಟ್‌ನಲ್ಲಿ ‘ಇನ್‌ಕ್ಲೂಡ್ಸ್’ ಇದೆ.

ಕಣ್ಣಿಗೆ ಕಾಣುತ್ತಿರುವ ವಸ್ತುವೇ ಸಿಗದೆ ಕಾಡುವುದೂ ಉಂಟು. 15 ಎಂಬ ಸಂಖ್ಯೆ ಬೇರೆ, ಒಂದು ಐದು ಎಂಬ ಎರಡು ಅಕ್ಷರಗಳ ಪಠ್ಯ ಬೇರೆ. ಫಾರ್ಮ್‌ನಿಂದ ಬರುವುದು ಸಾಮಾನ್ಯವಾಗಿ ಪಠ್ಯ. ಫೈಲಿನಿಂದ ಓದಿದ ಸಾಲಿನ ಕೊನೆಯಲ್ಲಿ ಹೊಸಸಾಲಿನ ಗುರುತು ಅಂಟಿಕೊಂಡಿರುತ್ತದೆ, ಅದನ್ನು ಸ್ಟ್ರಿಪ್ ಮಾಡಿಯೇ, ಅಂದರೆ ಕಿತ್ತುಹಾಕಿಯೇ ಹೋಲಿಸಬೇಕು. ಕನ್ನಡ ಪಠ್ಯಕ್ಕೆ ಇನ್ನೊಂದು ತೊಡಕಿದೆ. ‘ಕೊ’ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಸೇರಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಪಟ್ಟಿಯನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ, ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪಕ್ಕೆ ತಂದುಕೊಂಡರೆ ತೊಂದರೆ ತೀರುತ್ತದೆ. ಹಲವು ವಿವರಗಳನ್ನು ಒಟ್ಟಿಗೆ ಹಿಡಿದಿಡುವ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ಗಳಲ್ಲಂತೂ, ಬೇರೆ ಬೇರೆಯಾಗಿ ಮಾಡಿದ ಎರಡರ ಒಳಗಿನ ವಿವರ ಒಂದೇ ಆಗಿದ್ದರೂ ಇಂಡೆಕ್ಸ್ ಆಫ್‌ಗೆ ಅವು ಸಮವಲ್ಲ. ಅಲ್ಲಿ ‘ಫೈಂಡ್ ಇಂಡೆಕ್ಸ್’ ಬಳಸಿ, ಯಾವ ವಿವರ ಹೊಂದಬೇಕು ಎಂಬ ಷರತ್ತನ್ನು ನೀವೇ ಕೊಡಿ.

ಇನ್ನು ವೇಗದ ಮಾತು. ಇಂಡೆಕ್ಸ್ ಪಟ್ಟಿಯನ್ನು ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗುತ್ತದೆ. ಒಂದು ಸಲಕ್ಕೆ ಏನೂ ತೊಂದರೆಯಿಲ್ಲ. ಆದರೆ ಲೂಪಿನೊಳಗೆ ಪ್ರತಿ ವಸ್ತುವಿಗೂ ಅದರ ಜಾಗ ಕೇಳಿದರೆ, ಪುನರಾವರ್ತನೆಯಿಲ್ಲದ 1 ಲಕ್ಷ ವಸ್ತುಗಳ ಪಟ್ಟಿಗೆ ಸುಮಾರು 500 ಕೋಟಿ ಹೋಲಿಕೆ ಬೇಕಾಗುತ್ತದೆ. ಪುನರಾವರ್ತನೆ ಇದ್ದರೆ ಉತ್ತರವೂ ತಪ್ಪು, ಎರಡನೆಯ ಹಸಿರಿಗೂ 1 ಎಂದೇ ಬರುತ್ತದೆ. ಪೈಥಾನ್‌ನ ‘ಎನ್ಯೂಮರೇಟ್’ ಲೂಪಿನ ಜೊತೆಗೇ ಜಾಗವನ್ನೂ ಕೊಡುತ್ತದೆ, ಹುಡುಕುವ ಮಾತೇ ಇಲ್ಲ. ಒಂದೇ ಪಟ್ಟಿಯಲ್ಲಿ ಬೇರೆ ಬೇರೆ ವಸ್ತುಗಳನ್ನು ಪದೇ ಪದೇ ಹುಡುಕಬೇಕಿದ್ದರೆ, ಒಮ್ಮೆ ಮಾತ್ರ ಪಟ್ಟಿಯನ್ನು ಸುತ್ತಿ ವಸ್ತುವಿನಿಂದ ಜಾಗಕ್ಕೆ ಡಿಕ್ಷನರಿ, ಅಂದರೆ ವಸ್ತುವಿನ ಹೆಸರು ಕೊಟ್ಟರೆ ನೇರವಾಗಿ ಜಾಗ ಹೇಳುವ ಕೋಷ್ಟಕ ಕಟ್ಟಿಕೊಳ್ಳಿ. ಬರಿದೇ ತುಂಬುತ್ತ ಹೋದರೆ ಕೊನೆಯ ಜಾಗ ಉಳಿಯುತ್ತದೆ; ಮೊದಲ ಜಾಗ ಬೇಕೆಂದರೆ, ಈಗಾಗಲೇ ಇರುವುದನ್ನು ಬದಲಿಸದ ‘ಸೆಟ್ ಡಿಫಾಲ್ಟ್’ನಿಂದ ತುಂಬಿ.

ಪಟ್ಟಿ ಕ್ರಮವಾಗಿ ಜೋಡಣೆಯಾಗಿದ್ದರೆ, ನಡುವಿನದನ್ನು ನೋಡಿ ಪ್ರತಿ ಸಲ ಅರ್ಧ ಪಟ್ಟಿಯನ್ನು ಬಿಟ್ಟುಬಿಡುವ ಬೈನರಿ ಸರ್ಚ್ ಇದೆ, 10 ಲಕ್ಷ ವಸ್ತುಗಳಿಗೆ ಸುಮಾರು 20 ಹೆಜ್ಜೆ ಸಾಕು. ಪೈಥಾನ್‌ನ ‘ಬೈಸೆಕ್ಟ್ ಲೆಫ್ಟ್’ ಹೇಳುವುದು ವಸ್ತು ಇರಬೇಕಾದ ಜಾಗವನ್ನು, ಇದ್ದೇ ಇದೆ ಎಂದಲ್ಲ. ಆ ಜಾಗ ಪಟ್ಟಿಯ ಒಳಗಿದೆಯೇ, ಅಲ್ಲಿರುವುದು ಅದೇ ವಸ್ತುವೇ ಎಂದು ನೀವೇ ನೋಡಬೇಕು. ಜಾವಾದ ಬೈನರಿ ಸರ್ಚ್ ಸಿಗದಿದ್ದಾಗ ಮೈನಸ್ ಒಂದನ್ನೇ ಕೊಡಬೇಕೆಂದಿಲ್ಲ, ಯಾವ ಋಣಸಂಖ್ಯೆಯನ್ನಾದರೂ ಕೊಡಬಹುದು. ಹಾಗಾಗಿ ಸೊನ್ನೆಗಿಂತ ಕಡಿಮೆಯೇ ಎಂದು ಪರೀಕ್ಷಿಸಿ. ಇದೇ ಹುಡುಕಾಟವನ್ನು ನೀವೇ ಬರೆಯುವುದಾದರೆ, ನಡುವಿನ ಜಾಗಕ್ಕಾಗಿ ಕೆಳತುದಿ ಮೇಲ್ತುದಿಗಳನ್ನು ಕೂಡಿಸಿ ಅರ್ಧ ಮಾಡಬೇಡಿ. ಜಾವಾದ 32 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647; ಮೊತ್ತ ಅದನ್ನು ದಾಟಿದರೆ ಋಣಸಂಖ್ಯೆಯಾಗುತ್ತದೆ. ಜಾವಾದ ಅಧಿಕೃತ ಲೈಬ್ರರಿಯಲ್ಲೇ ಈ ದೋಷವಿತ್ತೆಂದು 2006ರಲ್ಲಿ ಆ ಕೋಡನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ ಬರೆದು ತಿಳಿಸಿದರು. ವ್ಯತ್ಯಾಸದ ಅರ್ಧವನ್ನು ಕೆಳತುದಿಗೆ ಕೂಡಿಸಿದರೆ ಸರಿಯಾಗುತ್ತದೆ.

ಪಟ್ಟಿಗೆ ಏನಾದರೂ ಸೇರಿದರೆ, ಅಳಿದರೆ ಹಿಂದೆ ಬರೆದಿಟ್ಟ ಜಾಗಗಳು ಹಳತಾಗುತ್ತವೆ, ಡಿಕ್ಷನರಿಯನ್ನು ಮತ್ತೆ ಕಟ್ಟಬೇಕು. ನಮ್ಮ ಪಟ್ಟಿಯಲ್ಲಿ ಹಸಿರು 1 ಮತ್ತು 3ರಲ್ಲಿತ್ತು. ಎರಡನ್ನೂ ಅಳಿಸಲು 1ರಿಂದ ಶುರು ಮಾಡಿದರೆ ಉಳಿದವು ಒಂದೊಂದು ಜಾಗ ಮುಂದೆ ಸರಿದು 3 ಎಂಬ ಜಾಗವೇ ಇರುವುದಿಲ್ಲ. ಮೊದಲು 3, ಆಮೇಲೆ 1, ಹೀಗೆ ಹಿಂದಿನಿಂದ ಅಳಿಸಿಕೊಂಡು ಬನ್ನಿ. ನಮಸ್ಕಾರ.