ವೀಣೆಯ ಕೊಡ, ಹೆಡ್‌ಫೋನಿನ ಕೊಡ

ಎಲ್ಲರಿಗೂ ನಮಸ್ಕಾರ.

ಖಾಲಿ ಕೊಡದೊಳಗೆ ಬಾಯಿಟ್ಟು ಮಾತಾಡಿದ್ದೀರಾ? ಚಿಕ್ಕಂದಿನಲ್ಲಿ ನಾವೆಲ್ಲ ಆಡಿದ ಆಟವೇ ಅದು. ನಮ್ಮದೇ ದನಿ ದಪ್ಪಗಾಗಿ, ಗುಂಯ್ ಅಂತ ವಾಪಸ್ ಬರುತ್ತದೆ. ಹಿಂಭಾಗ ಮುಚ್ಚಿದ ಹೆಡ್‌ಫೋನಿನ ಕಷ್ಟವೂ ಇದೇ.

ಹೆಡ್‌ಫೋನಿನ ಒಳಗಿನ ತೆಳು ಪೊರೆ ಅಲುಗಾಡಿದಾಗ ಸದ್ದು ಕಿವಿಯ ಕಡೆಗೂ ಹೋಗುತ್ತದೆ, ಹಿಂದಕ್ಕೂ ಹೋಗುತ್ತದೆ. ಓಪನ್-ಬ್ಯಾಕ್, ಅಂದರೆ ಹಿಂಭಾಗ ತೆರೆದದ್ದು ಆದರೆ ಹಿಂದಿನ ಸದ್ದು ಜಾಲರಿಯಿಂದ ಆಚೆ ಹೋಗಿಬಿಡುತ್ತದೆ. ಕ್ಲೋಸ್ಡ್-ಬ್ಯಾಕ್‌ನಲ್ಲಿ ಹಿಂಭಾಗ ಮುಚ್ಚಿರುವುದರಿಂದ ಅದಕ್ಕೆ ದಾರಿ ಇಲ್ಲ. ಗೋಡೆಗೆ ಬಡಿದು, ಸ್ವಲ್ಪ ತಡವಾಗಿ, ಅದೇ ಪೊರೆಯ ಮೂಲಕ ಕಿವಿಗೆ ಬರುತ್ತದೆ. ಅದನ್ನು ಪಳಗಿಸುವುದೇ ತಯಾರಕರ ಕೆಲಸ.

2019ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕ್ಯಾನ್‌ಜ್ಯಾಮ್‌ಗೆ ಹೋಗಿದ್ದೆ. ಹೆಡ್‌ಫೋನುಗಳಿಗೇ ಮೀಸಲಾದ ಪ್ರದರ್ಶನ ಅದು. ಟೈಮ್ಸ್ ಸ್ಕ್ವೇರ್‌ನ ಮ್ಯಾರಿಯಟ್ ಮಾರ್ಕ್ವಿಸ್ ಹೋಟೆಲಿನಲ್ಲಿ ಸಾಲು ಸಾಲು ಮೇಜು, ಆಂಪ್ಲಿಫೈಯರುಗಳು, ಜನವೋ ಜನ. ನಾನು ಹುಡುಕಿಕೊಂಡು ಹೋದದ್ದು ಫೋಕಲ್ ಕಂಪನಿಯ ಸ್ಟೆಲಿಯಾ ಎಂಬ ಕ್ಲೋಸ್ಡ್-ಬ್ಯಾಕ್ ಅನ್ನು. ಫ್ರಾನ್ಸಿನ ಸೇಂಟ್-ಎಟಿಯೆನ್ ಊರಿನ ಕಂಪನಿ. ಆಗಷ್ಟೇ ಬಂದಿದ್ದ ಮಾಡೆಲ್, ಬೆಲೆ ಸುಮಾರು 3,000 ಡಾಲರ್. ಅದರ 40 ಮಿಲಿಮೀಟರ್ ಪೊರೆ ಬೆರಿಲಿಯಂ ಲೋಹದ್ದು. ಅಲ್ಯೂಮಿನಿಯಂಗಿಂತ ಹಗುರ, ಆದರೆ ಅದಕ್ಕಿಂತ ತುಂಬಾ ಬಿಗಿ. ತಟ್ಟನೆ ಹೊರಟು ತಟ್ಟನೆ ನಿಲ್ಲಲು ಇಂಥದ್ದೇ ಬೇಕು.

ನನ್ನದೇ ಪ್ಲೇಯರ್ ಒಯ್ದಿದ್ದೆ. ಅದರಲ್ಲಿ ಮೈಸೂರು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ. ವರ್ಷಗಟ್ಟಲೆ ಕೇಳಿದ ರೆಕಾರ್ಡಿಂಗ್. ಹೊಸ ಹೆಡ್‌ಫೋನಿಗೆ ಹೊಸ ಸಂಗೀತ ಹಾಕಿದರೆ ಯಾವುದು ಯಾರ ಗುಣ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಮೊದಲು ಬಾಸ್, ಅಂದರೆ ಕೆಳಗಿನ ಸ್ವರಗಳು, ತೆಳ್ಳಗೆ ಕೇಳಿಸಿತು. ಕಿವಿಯ ಮೇಲೆ ಕೂರುವ ಕಪ್ ಅನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ತಕ್ಷಣ ಮಂದ್ರ ತುಂಬಿಕೊಂಡಿತು. ನನ್ನ ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದಿತ್ತು, ಆ ಸಂದಿಯಲ್ಲಿ ಬಾಸ್ ಸೋರಿಹೋಗುತ್ತಿತ್ತು. ಕನ್ನಡಕ ತೆಗೆದಿಟ್ಟು ಮೊದಲಿನಿಂದ ಕೇಳಿದೆ.

ಈಗ ಕೇಳಿಸಿತು ನೋಡಿ. ಎಲ್ಲಕ್ಕಿಂತ ಕೆಳಗಿನ ಸ್ವರದ ಅನುಮಂದ್ರ ತಂತಿ ಮೀಟಿದಾಗ ಮೊದಲು ಉಗುರು ತಾಗಿದ ಸಣ್ಣ ಸದ್ದು. ಅದರ ಹಿಂದೆಯೇ ತಂತಿ. ಆಮೇಲೆ ಹಲಸಿನ ಮರದ ಕೊಡ ನಿಧಾನವಾಗಿ ದನಿಗೂಡುವುದು. ಸ್ವರ ಸಣ್ಣಗಾಗುತ್ತಾ ಹೋಗಿ ಮುಂದಿನ ಮೀಟಿಗೆ ಜಾಗ ಬಿಟ್ಟಿತು. ನನಗೆ ಬೇಕಾಗಿದ್ದುದು ಇದೇ. ವೀಣೆಯ ಕೊಡ ಕೇಳಿಸಬೇಕು, ಹೆಡ್‌ಫೋನಿನ ಕೊಡ ಕೇಳಿಸಬಾರದು. ಚೆನ್ನಾಗಿಲ್ಲದ ಕ್ಲೋಸ್ಡ್-ಬ್ಯಾಕ್‌ಗಳಲ್ಲಿ ಕೆಳಗಿನ ಸ್ವರಗಳೆಲ್ಲ ಒಂದೇ ಥರ ಊದಿಕೊಳ್ಳುತ್ತವೆ, ಯಾವ ತಂತಿ ಅಂತಲೇ ತಿಳಿಯುವುದಿಲ್ಲ. ಇಲ್ಲಿ ತಾಳದ ತಂತಿಗಳೂ ಚುಚ್ಚದೆ ಬಿಡಿಬಿಡಿಯಾಗಿ ಕೇಳಿಸಿದವು. ಇದೇ ಕಂಪನಿಯ ಓಪನ್-ಬ್ಯಾಕ್ ಯುಟೋಪಿಯಾದಷ್ಟು ವಿಸ್ತಾರ ಇರಲಿಲ್ಲ, ನಿಜ. ವೀಣೆ ಹತ್ತಿರದಲ್ಲೇ ಕೂತಿತ್ತು. ಒಂಟಿ ವಾದ್ಯಕ್ಕೆ ಅದು ನನಗೆ ಹಿಡಿಸಿತು.

1958ರಲ್ಲಿ ಅಮೆರಿಕದ ಮಿಲ್ವಾಕಿಯ ಆಡಿಯೋ ಪ್ರದರ್ಶನಕ್ಕೆ ಜಾನ್ ಕಾಸ್ ಎಂಬ ಉದ್ಯಮಿ ಒಂದು ಪೋರ್ಟಬಲ್ ಗ್ರಾಮಫೋನ್ ಒಯ್ದಿದ್ದರು. ಜನ ಮುಗಿಬಿದ್ದದ್ದು ಅದರ ಜೊತೆಗಿದ್ದ ಸ್ಟೀರಿಯೋ ಹೆಡ್‌ಫೋನಿಗೆ. ಕಿವಿಗೆ ಹಾಕಿಕೊಂಡ ತಕ್ಷಣ ಆಗುವ ಆ ಬೆರಗು ಇವತ್ತಿಗೂ ಹಾಗೇ ಇದೆ. ಅದು ಇಳಿಯುವ ತನಕ ಸುಮ್ನೆ ಕೇಳುತ್ತಿರಬೇಕು, ತೀರ್ಪು ಆಮೇಲೆ. ವಾಲ್ಯೂಮ್ ಬಗ್ಗೆಯೂ ಎಚ್ಚರ ಬೇಕು. ಗದ್ದಲದ ಹಾಲ್‌ನಲ್ಲಿ ಕೈ ತಾನಾಗಿ ಜಾಸ್ತಿ ಮಾಡುತ್ತದೆ, ಜೋರಾದದ್ದೆಲ್ಲ ಚೆನ್ನಾಗಿಯೇ ಕೇಳಿಸುತ್ತದೆ. ಸ್ಟೆಲಿಯಾಕ್ಕೆ ದೊಡ್ಡ ಆಂಪ್ಲಿಫೈಯರೇ ಬೇಕಿಲ್ಲ, ಸಣ್ಣ ಪ್ಲೇಯರಿನಲ್ಲೇ ಜೋರಾಗಿಬಿಡುತ್ತದೆ.

ಹತ್ತು ನಿಮಿಷದಲ್ಲಿ ತಿಳಿಯದ್ದೂ ಇದೆ. 435 ಗ್ರಾಂ ತೂಕ ಎರಡು ಗಂಟೆ ತಲೆಯ ಮೇಲಿದ್ದರೆ ಹೇಗೆ, ಚರ್ಮದ ಪ್ಯಾಡಿನೊಳಗೆ ಕಿವಿ ಎಷ್ಟು ಬೆವರುತ್ತದೆ, ಇದಕ್ಕೆಲ್ಲ ಮನೆಯಲ್ಲೇ ಕೂತು ಕೇಳಬೇಕು.

ಈ ಮೇಜಿನ ಮೇಲೆ ಎರಡು ಕ್ಲೋಸ್ಡ್-ಬ್ಯಾಕ್ ಇಟ್ಟಿದ್ದೇನೆ. ಎರಡರಲ್ಲೂ ಅದೇ ವೀಣೆ, ಒಂದೇ ವಾಲ್ಯೂಮ್. ಕನ್ನಡಕ ಇರುವವರು ಒಮ್ಮೆ ಹಾಕಿಕೊಂಡು, ಒಮ್ಮೆ ತೆಗೆದು ಕೇಳಿ. ಮುಂದಿನ ಸಾಲಿನವರು ಮೊದಲು ಬನ್ನಿ.